ಬಣ್ಣ ನೋಡುವ ಮೊದಲು ದನಿ ಕೇಳಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಗಿಳಿಗಳ ಕುರಿತಾದವೇ ಹೆಚ್ಚು. ಅವುಗಳಲ್ಲಿ ಬಹುಪಾಲು ‘ಯಾವ ಗಿಳಿ ಚೆನ್ನಾಗಿ ಮಾತಾಡುತ್ತದೆ’ ಎಂದು ಕೇಳುತ್ತವೆ. ಯಾವುದು ಎಷ್ಟು ಕೂಗುತ್ತದೆ, ಯಾವುದರ ಸ್ವಭಾವ ಎಂಥದು ಎಂದು ಕೇಳಿದವರು ಕೆಲವರೇ. ಮನೆಗೆ ತಂದ ಗಿಳಿಯನ್ನು ಆರು ತಿಂಗಳಲ್ಲೇ ಬೇರೆಯವರಿಗೆ ದಾಟಿಸುವವರು ಹೇಳುವ ಕಾರಣಗಳಲ್ಲಿ ನನ್ನ ಕ್ಲಿನಿಕ್ಕಿನಲ್ಲಿ ಮೊದಲು ಕೇಳಿಬರುವುದು ಗಲಾಟೆ, ಆಮೇಲೆ ಕಚ್ಚುವಿಕೆ. ‘ಮಾತು ಕಲಿಯಲಿಲ್ಲ’ ಎಂದು ಬಿಟ್ಟುಕೊಟ್ಟವರನ್ನು ನಾನು ಕಂಡದ್ದು ಅಪರೂಪ. ಆದ್ದರಿಂದ ಈ ಬಾರಿ ಆ ಕೆಲವರ ಪತ್ರಗಳನ್ನೇ ಮುಂದಿಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿದ್ದೇವೆ. ಎರಡು ಕೋಣೆಗಳ ಮನೆ. ನಮ್ಮ ಯಜಮಾನರು ವಾರಕ್ಕೆ ನಾಲ್ಕು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಹಗಲೆಲ್ಲ ಫೋನಿನಲ್ಲೇ ಇರುತ್ತಾರೆ. ಗೋಡೆಯಾಚೆಯ ಮನೆಯಲ್ಲಿ ಎಂಟು ತಿಂಗಳ ಮಗುವಿದೆ. ಹನ್ನೊಂದು ವರ್ಷದ ಮಗಳು ಸನ್ ಕನ್ಯೂರ್ ಗಿಳಿಯ ವಿಡಿಯೊಗಳನ್ನು ನೋಡಿ ಅದೇ ಬೇಕೆಂದು ಹಟ ಹಿಡಿದಿದ್ದಾಳೆ. ಮಾರುವವರು ‘ಮರಿಯಿಂದ ಕೈತುತ್ತು ಕೊಟ್ಟು ಸಾಕಿದರೆ ಕೂಗುವುದಿಲ್ಲ’ ಎನ್ನುತ್ತಾರೆ. ಇದು ನಿಜವೇ? ಇಲ್ಲವಾದರೆ ಗಲಾಟೆ ಕಡಿಮೆ ಇರುವ, ಮಕ್ಕಳೊಂದಿಗೆ ಹೊಂದಿಕೊಳ್ಳುವ ಸಣ್ಣ ಅಥವಾ ಮಧ್ಯಮ ಗಾತ್ರದ ಗಿಳಿ ಯಾವುದು?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ಮಗಳಿಗೆ ಬೇಸರವಾದೀತು, ಆದರೂ ಹೇಳಿಬಿಡುತ್ತೇನೆ: ನಿಮ್ಮ ಮನೆಗೆ ಸನ್ ಕನ್ಯೂರ್ ಬೇಡ. ಹಳದಿ ಕಿತ್ತಳೆ ಮೈಯ ಆ ಚೆಲುವಾದ ಹಕ್ಕಿ ತೂಗುವುದು 100ರಿಂದ 120 ಗ್ರಾಂ ಮಾತ್ರ. ಆದರೆ ದಕ್ಷಿಣ ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ದೂರದೂರ ಹಾರುವ ತನ್ನ ಗುಂಪಿಗೆ ಕೇಳಿಸಬೇಕಾದ ಕೂಗನ್ನು ಅದು ನಿಮ್ಮ ಹಾಲಿನೊಳಗೂ ಅದೇ ಜೋರಿನಲ್ಲಿ ಕೂಗುತ್ತದೆ. ಕೈತುತ್ತು ಕೊಟ್ಟು ಬೆಳೆಸಿದರೆ ಹಕ್ಕಿಗೆ ಮನುಷ್ಯರ ಭಯ ಹೋಗುತ್ತದೆ, ಗಂಟಲು ಬದಲಾಗುವುದಿಲ್ಲ. ಅಷ್ಟೇ ಅಲ್ಲ, ಮನುಷ್ಯರನ್ನೇ ತನ್ನ ಗುಂಪೆಂದು ತಿಳಿದ ಹಕ್ಕಿ ಅವರು ಕಣ್ಣಿಂದ ಮರೆಯಾದಾಗಲೆಲ್ಲ ಅವರನ್ನೇ ಕೂಗಿ ಕರೆಯುತ್ತದೆ. ನಿಮ್ಮ ಮಗಳು ನೋಡಿದ ವಿಡಿಯೊಗಳಲ್ಲಿ ಹಕ್ಕಿಯ ದನಿಯ ಬದಲು ಯಾವುದೋ ಹಾಡು ಕೇಳುತ್ತಿತ್ತೇ ಎಂದು ಒಮ್ಮೆ ವಿಚಾರಿಸಿ ನೋಡಿ.

ಗಲಾಟೆ ಎಂಬ ಒಂದೇ ಮಾತಿನಲ್ಲಿ ನಾವು ಹಲವು ಬಗೆಯ ಸದ್ದುಗಳನ್ನು ಬೆರೆಸಿಬಿಡುತ್ತೇವೆ. ದಿನವಿಡೀ ಸಣ್ಣಗೆ ನಡೆಯುವ ಕಿಚಿಪಿಚಿ ಒಂದು. ಬೆಳಕು ಹರಿಯುವಾಗ ಮತ್ತು ಸಂಜೆ ಗೂಡು ಸೇರುವ ಹೊತ್ತಿಗೆ ಹತ್ತಿಪ್ಪತ್ತು ನಿಮಿಷ ಏಳುವ ಕೂಗು ಇನ್ನೊಂದು; ಇದನ್ನು ಯಾವ ಗಿಳಿಯೂ ಪೂರ್ತಿ ಬಿಡುವುದಿಲ್ಲ. ಹದ್ದು ಕಂಡಾಗಲೋ ಒಂಟಿ ಎನಿಸಿದಾಗಲೋ ಹೊರಡುವ ಚೀರು ಮೂರನೆಯದು. ಮನೆಮಂದಿಯನ್ನು ದಣಿಸುವುದು ಸದ್ದಿನ ಜೋರಿಗಿಂತ ಅದರ ಹೊತ್ತು ಮತ್ತು ಮೊನಚು. ಬೆಳಿಗ್ಗೆ ಆರಕ್ಕೆ ಏಳುವ ಮನೆಯವರಿಗೆ ಮುಂಜಾವಿನ ಕೂಗು ತೊಂದರೆಯೇ ಅಲ್ಲ, ರಾತ್ರಿ ಪಾಳಿ ಮುಗಿಸಿ ನಾಲ್ಕಕ್ಕೆ ಮಲಗುವವರಿಗೆ ಅದೇ ನರಕ. ನಿಮ್ಮ ಮನೆಯಲ್ಲಿ ತೊಡಕಾಗುವುದು ಹಗಲಿನ ಸದ್ದು. ಗೋಡೆಯಾಚೆಯ ಮಗುವಿಗೆ ತೊಡಕಾಗುವುದು ಮೊನಚು ಸದ್ದು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನೋಡೋಣ.

ಬಜರಿಗಾರ್, ಅಂದರೆ ನಮ್ಮ ಪೇಟೆಗಳಲ್ಲಿ ಎಲ್ಲರೂ ತಪ್ಪಾಗಿ ‘ಲವ್ ಬರ್ಡ್ಸ್’ ಎಂದು ಕರೆಯುವ ಆಸ್ಟ್ರೇಲಿಯದ ಪುಟ್ಟ ಗಿಳಿ, 30ರಿಂದ 40 ಗ್ರಾಂ ತೂಗುತ್ತದೆ. ಅದರ ಸದ್ದು ಗೋಡೆ ದಾಟುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಪಂಜರವಿರುವ ಕೋಣೆಯಲ್ಲೇ ಕುಳಿತು ಫೋನಿನಲ್ಲಿ ಮಾತಾಡುವವರಿಗೆ ಅದು ಕಿರಿಕಿರಿ, ಪಕ್ಕದ ಕೋಣೆಯಲ್ಲಿರುವವರಿಗೆ ಹಿತ. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಗಾತ್ರದಲ್ಲಿ ಬಜರಿಗಾರ್‌ಗಿಂತ ಸ್ವಲ್ಪವೇ ದಪ್ಪವಾಗಿದ್ದರೂ ದನಿ ಸೂಜಿಯಂತೆ ಚುಚ್ಚುತ್ತದೆ, ಸ್ವಭಾವವೂ ಜಗಳಗಂಟಿಯದು. ಸಣ್ಣ ಹಕ್ಕಿಯ ಸದ್ದು ಸಣ್ಣದೇ ಇರುತ್ತದೆ ಎಂದು ನಂಬಿದವರ ಭ್ರಮೆ ಬಿಡಿಸುವುದಕ್ಕೆ ಒಂದು ಜೋಡಿ ಲವ್ ಬರ್ಡ್ ಸಾಕು.

ಕಾಕಟೀಲ್ ಬಗ್ಗೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ತಲೆಯ ಮೇಲೆ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು ಇರುವ ಈ ಆಸ್ಟ್ರೇಲಿಯದ ಹಕ್ಕಿ ಬಾಲ ಸೇರಿ ಒಂದಡಿ ಉದ್ದವಿದ್ದರೂ ತೂಕ 100 ಗ್ರಾಮಿನ ಆಸುಪಾಸು ಅಷ್ಟೇ. ಹೆಣ್ಣು ಮಿತಭಾಷಿ. ಗಂಡು ಶಿಳ್ಳೆಗಾರ, ಶಿಳ್ಳೆಯಲ್ಲಿ ರಾಗಗಳನ್ನು ಕಲಿಯುತ್ತದೆ, ಕಲಿತದ್ದನ್ನು ದಿನಕ್ಕೆ ನೂರು ಸಲ ಒಪ್ಪಿಸುತ್ತದೆ. ನಮ್ಮ ಮನೆಯ ಗಂಡು ಕಾಕಟೀಲ್ ಕುಕ್ಕರಿನ ಸೀಟಿಯನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ಮೂರು ಸೀಟಿ ಆಯಿತೆಂದು ಒಲೆ ಆರಿಸಿ ಬೇಯದ ಬೇಳೆಯ ಸಾರನ್ನು ನಾವು ಎಷ್ಟೋ ಸಲ ಉಂಡಿದ್ದೇವೆ. ಶಿಳ್ಳೆ ಕಿವಿಗೆ ಇರಿಯುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಇನ್ನು ಸ್ವಭಾವಕ್ಕೆ ಬಂದರೆ ಇಷ್ಟು ಸೌಮ್ಯವಾದ ಗಿಳಿ ಬೇರೊಂದಿಲ್ಲ: ಹೆದರಿದಾಗ ಬುಸುಗುಡುತ್ತದೆ, ಜುಟ್ಟನ್ನು ಹಿಂದಕ್ಕೆ ಅಂಟಿಸಿ ಎಚ್ಚರಿಕೆ ಕೊಡುತ್ತದೆ, ಆಮೇಲಷ್ಟೇ ಕಚ್ಚುತ್ತದೆ. ಮಕ್ಕಳು ಓದಿ ತಿಳಿಯಬಲ್ಲ ಹಕ್ಕಿ ಅದು. ಒಂದೇ ದೋಷವೆಂದರೆ ರಾತ್ರಿಯ ಭೀತಿ. ಕತ್ತಲಲ್ಲಿ ಹಲ್ಲಿಯೋ ವಾಹನದ ಬೆಳಕೋ ಸುಳಿದರೂ ಬೆಚ್ಚಿ ಪಂಜರದೊಳಗೆ ಬಡಿದಾಡಿ ರೆಕ್ಕೆ ಮುರಿದುಕೊಳ್ಳಬಹುದು. ಅದಕ್ಕೆ ಮಂದ ಬೆಳಕಿನ ಚಿಕ್ಕ ದೀಪವೊಂದೇ ಪರಿಹಾರ.

ಮಗಳು ಕನ್ಯೂರನ್ನೇ ಬಿಡೆನೆಂದರೆ ಹಸಿರು ಕೆನ್ನೆಯ ಕನ್ಯೂರ್ ಇದೆ. ವ್ಯಾಪಾರಿಗಳು ‘ಗ್ರೀನ್ ಚೀಕ್’ ಎಂದೇ ಕರೆಯುತ್ತಾರೆ. ಸುಮಾರು 26 ಸೆಂಟಿಮೀಟರ್ ಉದ್ದ, 60ರಿಂದ 80 ಗ್ರಾಂ ತೂಕ. ಸನ್ ಕನ್ಯೂರಿನ ಸದ್ದಿನ ಮುಂದೆ ಇದರದ್ದು ಏನೇನೂ ಅಲ್ಲ. ಕರ್ಕಶವಾಗಿ ಕೂಗಿದರೂ ಬೇಗ ನಿಲ್ಲಿಸುತ್ತದೆ, ಉಳಿದ ಹೊತ್ತು ಗೊಣಗುತ್ತಾ ಆಟವಾಡುತ್ತಿರುತ್ತದೆ. ಅಂಗಾತ ಮಲಗುತ್ತದೆ, ಅಂಗಿಯ ತೋಳಿನೊಳಗೆ ನುಗ್ಗುತ್ತದೆ, ಲಾಗ ಹಾಕುತ್ತದೆ. ಆದರೆ ಕಚ್ಚಿ ನೋಡುವುದು ಅದರ ಹುಟ್ಟುಗುಣ. ಮಗಳ ಕಿವಿಯ ಓಲೆ ಅದಕ್ಕೆ ಮೊದಲ ಗುರಿಯಾದೀತು. ದಿನಕ್ಕೆ ಒಂದೆರಡು ಗಂಟೆಯಾದರೂ ಕೈಯಲ್ಲಿ ಆಡಿಸುವವರಿಲ್ಲದ ಮನೆಯಲ್ಲಿ ಅದು ಕೆಡುತ್ತದೆ.

ಅಪಾರ್ಟ್‌ಮೆಂಟಿನವರು ಕೇಳಲೇಬೇಕಾದ ಇನ್ನೊಂದು ಹಕ್ಕಿ ಲಿನಿಯೊಲೇಟೆಡ್ ಪ್ಯಾರಕೀಟ್. ಮೈತುಂಬ ಕಪ್ಪು ಗೆರೆಗಳಿರುವ, ಬೆನ್ನು ಬಾಗಿಸಿ ತಾತನಂತೆ ನಡೆದಾಡುವ, ಹಾರುವುದಕ್ಕಿಂತ ಹತ್ತುವುದನ್ನು ಇಷ್ಟಪಡುವ, ನಾನು ಬಲ್ಲ ಗಿಳಿಗಳಲ್ಲೆಲ್ಲ ಮೆಲುದನಿಯ ಹಕ್ಕಿ ಅದು. ನಮ್ಮಲ್ಲಿ ಸಿಗುವುದು ಕಷ್ಟ, ಬೆಲೆಯೂ ಹೆಚ್ಚು.

ನನ್ನ ಸಲಹೆ ಒಂದು ಹೆಣ್ಣು ಕಾಕಟೀಲ್, ಅದಿಲ್ಲವಾದರೆ ಗ್ರೀನ್ ಚೀಕ್. ಕಾಕಟೀಲ್ ಮರಿಗಳಲ್ಲಿ ಗಂಡು ಹೆಣ್ಣು ಒಂದೇ ರೀತಿ ಕಾಣುತ್ತವೆ. ಬೂದುಬಣ್ಣದ ಗಂಡಿನ ಮುಖ ಮೊದಲ ಸಲ ಗರಿ ಉದುರಿಸಿದ ಮೇಲಷ್ಟೇ ಹಳದಿಯಾಗುತ್ತದೆ. ಮರಿಯನ್ನು ತೋರಿಸಿ ‘ಇದು ಹೆಣ್ಣೇ’ ಎಂದು ಆಣೆ ಮಾಡುವವರನ್ನು ನಂಬುವ ಬದಲು ಗರಿಯ ಡಿಎನ್‌ಎ ಪರೀಕ್ಷೆಯ ವರದಿ ಕೇಳಿ, ಇಲ್ಲವೇ ವರ್ಷ ತುಂಬಿದ ಹಕ್ಕಿಯನ್ನೇ ತನ್ನಿ. ಯಾವುದನ್ನು ಆರಿಸಿದರೂ ಹಣ ಕೊಡುವ ಮೊದಲು ಆ ಜಾತಿಯ ಹಕ್ಕಿ ಇರುವ ಮನೆಯಲ್ಲಿ ಒಂದು ಸಂಜೆ ಐದೂವರೆಯಿಂದ ಏಳರವರೆಗೆ ಕುಳಿತಿರಿ. ಮಧ್ಯಾಹ್ನ ಎರಡಕ್ಕೆ ಅಂಗಡಿಗೆ ಹೋದರೆ ಎಲ್ಲ ಗಿಳಿಗಳೂ ತೂಕಡಿಸುತ್ತಿರುತ್ತವೆ, ಎಲ್ಲವೂ ಸಾಧುವಾಗಿಯೇ ಕಾಣುತ್ತವೆ. ಮೈಸೂರಿಗೆ ಹೋಗುವ ಕೆಲಸವಿದ್ದರೆ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನಕ್ಕೆ ಮಗಳನ್ನು ಕರೆದೊಯ್ಯಿರಿ; 468 ಬಗೆಯ ಪಕ್ಷಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆ ಪಡೆದ ಆ ಪಕ್ಷಿಧಾಮದಲ್ಲಿ ಅರ್ಧ ಗಂಟೆ ನಿಂತರೆ ವಿಡಿಯೊಗಳು ಹೇಳದೆ ಬಿಟ್ಟದ್ದೆಲ್ಲ ಅವಳಿಗೇ ಕೇಳಿಸುತ್ತದೆ.

ಇನ್ನೊಂದು ಮಾತು. ಕಾಕಟೀಲ್ 15ರಿಂದ 20 ವರ್ಷ ಬದುಕುತ್ತದೆ. ಇನ್ನು ಏಳು ವರ್ಷಕ್ಕೆ ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೊರಟರೆ ಹಕ್ಕಿ ಉಳಿಯುವುದು ನಿಮ್ಮ ಪಾಲಿಗೆ. ಆದ್ದರಿಂದ ಅವಳಿಗೆ ಯಾವುದು ಇಷ್ಟ ಎಂಬುದರಷ್ಟೇ ನಿಮಗೆ ಯಾವುದರ ದನಿ ಹಿಡಿಸುತ್ತದೆ ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಹಸಿರು ಗಿಳಿಯೊಂದಿತ್ತು. ಯಾರು ಬಂದರೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಿತ್ತು. ಎಂಬತ್ತು ದಾಟಿದ ಅಮ್ಮನಿಗೆ ಅಂಥದೇ ಒಂದನ್ನು ತಂದುಕೊಡುವ ಆಸೆ. ಕಾನೂನಿನ ಅಡ್ಡಿ ಇದೆ ಎನ್ನುತ್ತಾರೆ; ನೀಲಿ ಬಣ್ಣದ್ದಾದರೆ ವಿದೇಶಿ, ಅಡ್ಡಿಯಿಲ್ಲ ಎಂದೂ ಒಬ್ಬರು ಹೇಳಿದರು. ಯಾವುದು ಸರಿ?
– ನಿವೃತ್ತ ಶಿಕ್ಷಕ, ಮಂಡ್ಯ

ಉತ್ತರ: ಅಡ್ಡಿ ಇರುವುದು ನಿಜ, ಮೇಷ್ಟ್ರೇ. ಕೊರಳಲ್ಲಿ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಳಿ, ಅದಕ್ಕಿಂತ ದೊಡ್ಡದಾದ, ಹೆಗಲ ಮೇಲೆ ಕೆಂಪು ಮಚ್ಚೆಯ ಗಿಳಿ, ಕೆಂಪು ತಲೆಯ ಚಿಕ್ಕ ಗಿಳಿ, ಪಶ್ಚಿಮ ಘಟ್ಟಗಳ ನೀಲಿ ರೆಕ್ಕೆಯ ಗಿಳಿ, ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಎಲ್ಲವೂ ಅಪರಾಧ. ಜೈಲು ಮತ್ತು ದಂಡ ಎರಡಕ್ಕೂ ಅವಕಾಶವಿದೆ. ನಿಮ್ಮ ಬಾಲ್ಯದ ಆ ಗಿಳಿಯನ್ನೂ ಯಾರೋ ಮರದ ಪೊಟರೆಗೆ ಕೈ ಹಾಕಿ ತಂದಿರಬೇಕು. ಹಾಗೆ ತಂದ ಮರಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಜಗಲಿಗೆ ಬಂದು ‘ಕೂತ್ಕೊಳ್ಳಿ’ ಎಂದದ್ದು ಉಳಿದುಕೊಂಡ ಒಂದು.

ಪೇಟೆಯಲ್ಲಿ ರಿಂಗ್‌ನೆಕ್ ಎಂದು ಕರೆಯುವ ನೀಲಿ, ಹಳದಿ, ಬಿಳಿ ಗಿಳಿಗಳು ಬಣ್ಣದಲ್ಲಿ ಬೇರೆಯಾದರೂ ಪ್ರಭೇದದಲ್ಲಿ ನಮ್ಮ ಹಸಿರು ಗಿಳಿಯೇ. ಪಂಜರಗಳಲ್ಲಿ ತಲೆಮಾರುಗಟ್ಟಲೆ ತಳಿಮಾಡಿ ಬಣ್ಣ ಬದಲಿಸಿದ್ದಾರೆ ಅಷ್ಟೇ. ಕಾಯ್ದೆ ಹೆಸರಿಸುವುದು ಪ್ರಭೇದವನ್ನೇ ಹೊರತು ಬಣ್ಣವನ್ನಲ್ಲ. ಕಾನೂನಿನ ಆ ಇಕ್ಕಟ್ಟಿಗೆ ಎಂಬತ್ತರ ಅಮ್ಮನ ಮನೆಯನ್ನು ಎಳೆಯಬೇಡಿ.

ವಿದೇಶಿ ಗಿಳಿಗಳಿಗೂ ಕಾಗದಪತ್ರದ ಲೆಕ್ಕವಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆಗೆ ಅನುಗುಣವಾಗಿ 2024ರ ಫೆಬ್ರುವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಪಕ್ಷಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್ ಮೂಲಕ ನೋಂದಾಯಿಸಬೇಕು, ಕೈ ಬದಲಾದಾಗ ಅದನ್ನೂ ತಿಳಿಸಬೇಕು. ಕನ್ಯೂರ್, ಕ್ವೇಕರ್ ಮೊದಲಾದ ಹೆಚ್ಚಿನ ಗಿಳಿಗಳು ಆ ಪಟ್ಟಿಯಲ್ಲಿವೆ. ಬಜರಿಗಾರ್, ಕಾಕಟೀಲ್ ಮತ್ತು ಪೀಚ್ ಬಣ್ಣದ ಮುಖದ ಲವ್ ಬರ್ಡ್ ಆ ಪಟ್ಟಿಯ ಹೊರಗಿವೆ. ಪಟ್ಟಿಯಲ್ಲಿರುವ ಹಕ್ಕಿಯನ್ನು ಕೊಳ್ಳುವಾಗ ಮಾರುವವರ ಹೆಸರಿನಲ್ಲಿ ನೋಂದಣಿ ಇದೆಯೇ ಎಂದು ಕೇಳಿ. ‘ಆಮೇಲೆ ಕೊಡುತ್ತೇವೆ’ ಎಂದರೆ ಬರಿಗೈಯಲ್ಲಿ ಮರಳಿ.

ಅಮ್ಮನ ಮಾತಿಗೆ ಬರುತ್ತೇನೆ. ಒಂದು ಗಂಡು ಬಜರಿಗಾರ್ ಮರಿಯನ್ನು ತಂದು ಅವರು ಕೂರುವ ಜಾಗದ ಪಕ್ಕದಲ್ಲಿಟ್ಟರೆ, ಅವರು ದಿನವೂ ಹೇಳುವ ನಾಲ್ಕು ಮಾತುಗಳನ್ನು ಅದು ಸಣ್ಣ ಗೀರುದನಿಯಲ್ಲಿ ಕಲಿಯಬಹುದು. ಇಷ್ಟು ಹಗುರವಾದ ಹಕ್ಕಿಯನ್ನು ನೋಡಿಕೊಳ್ಳುವುದು ಹಿರಿಯರಿಗೆ ಭಾರವಲ್ಲ. ಹಿತ್ತಿಲಲ್ಲಿ ಸೀಬೆ ಮರವಿದ್ದರೆ ಒಂದೆರಡು ಕೊಂಬೆಯ ಹಣ್ಣನ್ನು ಕೊಯ್ಯದೆ ಬಿಡಿ; ಹಸಿರು ಗಿಳಿಗಳು ಅವಾಗಿಯೇ ಬರುತ್ತವೆ, ಮಾತಾಡದಿದ್ದರೂ ಜಗಳವಾಡುವುದನ್ನು ಅಮ್ಮ ನೋಡಬಹುದು.

ಪ್ರಶ್ನೆ: ‘ಲವ್ ಬರ್ಡ್ಸ್’ ಒಂದು ಜೋಡಿ ತಂದು ವರ್ಷವಾಯಿತು. ದಿನವೂ ಮುಂದೆ ನಿಂತು ಹೇಳಿಕೊಟ್ಟರೂ ಒಂದು ಅಕ್ಷರ ಕಲಿತಿಲ್ಲ. ನಮ್ಮ ತಪ್ಪೇನು?
– ಪಿಯುಸಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನೀವು ಕಳಿಸಿದ ಚಿತ್ರದಲ್ಲಿರುವುದು ಬಜರಿಗಾರ್‌ಗಳು. ತಪ್ಪೇನೂ ಆಗಿಲ್ಲ. ಅವಕ್ಕೆ ಮಾತಾಡಲು ಒಂದಕ್ಕೊಂದು ಜೊತೆಯಿದೆ, ತಮ್ಮದೇ ಭಾಷೆಯಿದೆ. ನಿಮ್ಮ ಭಾಷೆ ಕಲಿಯುವ ಅಗತ್ಯ ಬಿದ್ದಿಲ್ಲ. ಗಿಳಿ ಮಾತು ಕಲಿಯುವುದು ಗುಂಪಿನ ದನಿಯನ್ನು ತನ್ನದಾಗಿಸಿಕೊಂಡು ಗುಂಪಿಗೆ ಸೇರಲು. ಕ್ಯಾಲಿಫೋರ್ನಿಯದ ಪಕ್ ಎಂಬ ಬಜರಿಗಾರ್ 1,728 ಪದಗಳನ್ನು ಕಲಿತು ಗಿನ್ನೆಸ್ ದಾಖಲೆಗೆ ಸೇರಿದ್ದು ನಿಜ, ಆದರೆ ಅಂಥ ಹಕ್ಕಿ ಸಾವಿರಕ್ಕೊಂದು. ಸಾಮಾನ್ಯವಾಗಿ ಮರಿವಯಸ್ಸಿನಿಂದ ಮನುಷ್ಯರೊಂದಿಗೇ ಬೆಳೆದ ಒಂಟಿ ಗಂಡು ಹಕ್ಕಿಗಳು ಮಾತು ಕಲಿಯುವುದು ಹೆಚ್ಚು. ಮೂಗಿನ ಮೇಲಿನ ಮೆತ್ತನೆ ಭಾಗ ಬಲಿತ ಗಂಡಿನಲ್ಲಿ ನೀಲಿ, ಹೆಣ್ಣಿನಲ್ಲಿ ಕಂದು. ಮಾತಿನ ಆಸೆಗಾಗಿ ಈಗಿರುವ ಜೋಡಿಯನ್ನು ಬೇರ್ಪಡಿಸಬೇಡಿ. ಬರೀ ನವಣೆ ಹಾಕುತ್ತಿರುವುದಾಗಿ ಬರೆದಿದ್ದೀರಿ; ಅದರ ಜೊತೆಗೆ ಕೊತ್ತಂಬರಿ, ನುಗ್ಗೆಸೊಪ್ಪು, ತುರಿದ ಗಜ್ಜರಿಯನ್ನೂ ಕೊಡಿ.

ಪ್ರಶ್ನೆ: ನಮ್ಮ ಕ್ವೇಕರ್ ಗಿಳಿಗೆ ಎರಡು ವರ್ಷ. ಮಾತು ಚೆನ್ನಾಗಿ ಕಲಿತಿದೆ. ಆದರೆ ನಾನು ಕೋಣೆಯಿಂದ ಹೊರಗೆ ಹೋದರೆ ಸಾಕು, ಬೀದಿಗೆ ಕೇಳುವಂತೆ ಚೀರುತ್ತದೆ. ಬಂದು ಗದರಿದರೆ ಒಂದು ಕ್ಷಣ ಸುಮ್ಮನಾಗಿ ಮತ್ತೆ ಶುರು. ಪಂಜರದೊಳಗೆ ಕೈ ಹಾಕಿದರೆ ಕಚ್ಚುತ್ತದೆ, ಹೊರಗೆ ತೆಗೆದರೆ ಮುದ್ದು ಮಾಡುತ್ತದೆ. ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದಾರೆ. ಇದನ್ನು ಕೊಟ್ಟು ಸದ್ದಿಲ್ಲದ ಬೇರೆ ಗಿಳಿ ತರಬೇಕೆಂದಿದ್ದೇನೆ.
– ಕಿರಾಣಿ ವ್ಯಾಪಾರಿ, ದಾವಣಗೆರೆ

ಉತ್ತರ: ಕೊಡುವ ಮೊದಲು ಮೂರು ವಾರ ಕೊಡಿ. ಗುಂಪಿನಲ್ಲಿ ಬದುಕುವ ಹಕ್ಕಿ ತನ್ನವರು ಕಣ್ಮರೆಯಾದೊಡನೆ ‘ಎಲ್ಲಿದ್ದೀ’ ಎಂದು ಕೇಳುತ್ತದೆ, ಆ ಕಡೆಯಿಂದ ‘ಇಲ್ಲಿದ್ದೇನೆ’ ಎಂಬ ಉತ್ತರ ಬಂದರೆ ಸುಮ್ಮನಾಗುತ್ತದೆ. ನಿಮ್ಮ ಹಕ್ಕಿ ಮೊದಮೊದಲು ಮೆಲ್ಲಗೇ ಕೇಳಿರಬೇಕು. ಯಾರೂ ಓಗೊಡಲಿಲ್ಲ. ಜೋರಾಗಿ ಚೀರಿದಾಗ ನೀವು ಓಡಿ ಬಂದಿರಿ. ಗದರಲೆಂದೇ ಬಂದಿದ್ದರೂ ಬಂದದ್ದು ಬಂದಂತೆಯೇ. ಚೀರಿದರೆ ಯಜಮಾನ ಬರುತ್ತಾನೆ ಎಂಬ ಪಾಠವನ್ನು ಅದು ಅಂದೇ ಕಲಿಯಿತು.

ಈಗ ಅದನ್ನು ತಿರುಗಿಸಬೇಕು. ನಿಮ್ಮ ಕಿವಿಗೆ ಒಪ್ಪುವ ಒಂದು ಸದ್ದನ್ನು ಆರಿಸಿಕೊಳ್ಳಿ, ಒಂದು ಶಿಳ್ಳೆಯೋ ಅದರ ಹೆಸರೋ ಆದೀತು. ಕೋಣೆಯಿಂದ ಹೊರಡುವಾಗ ಅದನ್ನು ಹೇಳಿ ಹೊರಡಿ. ಹೊರಗಿನಿಂದ, ಹಕ್ಕಿ ಚೀರುವ ಮೊದಲೇ, ಮತ್ತೆ ಹೇಳಿ. ಹಕ್ಕಿ ಆ ಸದ್ದು ಮಾಡಿದಾಗಲೆಲ್ಲ ಕೈಯಲ್ಲಿ ಕೆಲಸವಿದ್ದರೂ ಓಗೊಡಿ. ಚೀರಿದರೆ ಹೋಗಬೇಡಿ, ಗದರಬೇಡಿ, ಬಾಗಿಲಿನಿಂದ ಇಣುಕಲೂಬೇಡಿ. ಚೀರು ನಿಂತು ಐದಾರು ಸೆಕೆಂಡ್ ಕಳೆದ ಮೇಲಷ್ಟೇ ಒಳಗೆ ಬನ್ನಿ. ಮೊದಲ ವಾರ ಚೀರು ಇನ್ನೂ ಹೆಚ್ಚುತ್ತದೆ, ಏಕೆಂದರೆ ಇಷ್ಟು ದಿನ ಫಲ ಕೊಟ್ಟ ಉಪಾಯವನ್ನು ಅದು ಸುಲಭವಾಗಿ ಕೈಬಿಡುವುದಿಲ್ಲ. ಹೆಚ್ಚಿನವರು ಸೋಲುವುದು ಈ ವಾರದಲ್ಲೇ. ಪಕ್ಕದ ಮನೆಯವರಿಗೆ ವಿಷಯ ತಿಳಿಸಿ ಕೈಮುಗಿದು ಕಾಲಾವಕಾಶ ಕೇಳಿಕೊಳ್ಳಿ. ಮನೆಯಲ್ಲಿ ನಾಲ್ವರಿದ್ದು ಮೂವರು ಪಾಲಿಸಿ ಒಬ್ಬರು ಕರುಣೆಯಿಂದ ಬಿಸ್ಕತ್ತು ಹಿಡಿದು ಓಡಿದರೆ ಎಲ್ಲವೂ ನೀರುಪಾಲು. ಆ ಒಬ್ಬರು ಸಾಮಾನ್ಯವಾಗಿ ಅಜ್ಜಿ ಅಥವಾ ಅಜ್ಜ ಆಗಿರುತ್ತಾರೆ. ಅವರನ್ನು ಮೊದಲೇ ಒಲಿಸಿಕೊಳ್ಳಿ.

ಪಂಜರ ಎಲ್ಲಿದೆ ಎಂದು ಬರೆದಿಲ್ಲ. ಬೀದಿಯ ಕಿಟಕಿಗೆ ತಾಗಿದ್ದರೆ ಕಾಗೆ, ಹದ್ದು, ಪಟಾಕಿ ಎಲ್ಲಕ್ಕೂ ಅದು ಎಚ್ಚರಿಕೆಯ ಕೂಗು ಹಾಕುತ್ತಿರುತ್ತದೆ. ಒಂದು ಮಗ್ಗುಲಿಗೆ ಗೋಡೆ ಸಿಗುವಂತೆ ಮೂಲೆಗೆ ಸರಿಸಿ. ರಾತ್ರಿ ಹನ್ನೊಂದರವರೆಗೆ ಟಿ.ವಿ. ನಡೆಯುವ ಹಾಲಿನಲ್ಲಿದ್ದರೆ ನಿದ್ದೆಗೆಟ್ಟು ಸಿಡುಕುತ್ತದೆ; ಗಿಳಿಗೆ ಹತ್ತರಿಂದ ಹನ್ನೆರಡು ಗಂಟೆಯ ಕತ್ತಲು ಬೇಕು.

ಪಂಜರದೊಳಗೆ ಕಚ್ಚುವುದು ಕ್ವೇಕರ್‌ನ ಜಾತಿಗುಣ. ಗಿಳಿಗಳಲ್ಲಿ ಹೆಚ್ಚಿನವು ಪೊಟರೆಯಲ್ಲಿ ಮೊಟ್ಟೆಯಿಟ್ಟರೆ, ದಕ್ಷಿಣ ಅಮೆರಿಕದ ಈ ಹಕ್ಕಿ ಮಾತ್ರ ಕಡ್ಡಿಗಳನ್ನು ಹೆಣೆದು ಹಲವು ಸಂಸಾರಗಳು ಒಟ್ಟಿಗಿರುವ ದೊಡ್ಡ ಗೂಡನ್ನು ಕಟ್ಟುತ್ತದೆ, ಅದನ್ನು ಜೀವ ಬಿಟ್ಟಾದರೂ ಕಾಯುತ್ತದೆ. ಅದರ ಪಾಲಿಗೆ ಪಂಜರವೇ ಆ ಗೂಡು. ಹಕ್ಕಿಯನ್ನು ಬೆರಳಿನ ಮೇಲೆ ಹೊರಗೆ ಕರೆದ ನಂತರವೇ ನೀರು, ಕಾಳು ಬದಲಿಸಿ; ಅದು ನೋಡದಂತೆ ಬದಲಿಸಿದರೆ ಇನ್ನೂ ಒಳ್ಳೆಯದು. ‘ಸದ್ದಿಲ್ಲದ ಬೇರೆ ಗಿಳಿ’ಯೂ ಇದೇ ಮನೆಗೆ ಬಂದು, ಇದೇ ಉತ್ತರ ಪಡೆದು, ಇದೇ ಪಾಠ ಕಲಿತೀತು ಎಂಬುದು ನನ್ನ ಅಂಜಿಕೆ.

ಪ್ರಶ್ನೆ: ನನಗೆ ಅಸ್ತಮಾ ಇದೆ. ಕಾಕಟೀಲ್ ಶಾಂತ ಹಕ್ಕಿ ಎಂದು ಕೇಳಿದ್ದೇನೆ. ಸಾಕಬಹುದೇ?
– ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ: ಬೇಡ. ಶಾಂತವೇನೋ ಹೌದು, ಆದರೆ ಸಣ್ಣ ಗಿಳಿಗಳಲ್ಲಿ ಮೈಯಿಂದ ಅತಿ ಹೆಚ್ಚು ಬಿಳಿ ಪುಡಿ ಉದುರಿಸುವುದು ಕಾಕಟೀಲ್. ಕಪ್ಪು ಮೇಜಿನ ಪಕ್ಕ ಪಂಜರವಿಟ್ಟರೆ ಎರಡೇ ದಿನದಲ್ಲಿ ರಂಗೋಲಿ ಪುಡಿ ಚೆಲ್ಲಿದಂತಿರುತ್ತದೆ. ಗ್ರೀನ್ ಚೀಕ್ ಮೈಯಲ್ಲಿ ಪುಡಿ ಬಹಳ ಕಡಿಮೆ, ಆದರೂ ಪೂರ್ತಿ ನಿರಪಾಯ ಎನ್ನಲಾಗದು. ನಿಮ್ಮ ವೈದ್ಯರ ಒಪ್ಪಿಗೆ ಪಡೆದು, ಗಿಳಿ ಇರುವ ಪರಿಚಿತರ ಮನೆಯಲ್ಲಿ ನಾಲ್ಕಾರು ಸಲ ಗಂಟೆಗಟ್ಟಲೆ ಕುಳಿತು ನೋಡಿದ ಮೇಲೆ ನಿರ್ಧರಿಸಿ. ಗಿಳಿಯ ಶ್ವಾಸಕೋಶ ನಿಮ್ಮದಕ್ಕಿಂತ ಸೂಕ್ಷ್ಮ ಎಂಬುದೂ ನೆನಪಿರಲಿ. ಸೊಳ್ಳೆಬತ್ತಿ, ಊದಿನಕಡ್ಡಿ, ಸಾಂಬ್ರಾಣಿ ಹೊಗೆ ಅದಕ್ಕೆ ಕೆಟ್ಟದ್ದು. ಕಾದು ಸೀದ ನಾನ್‌ಸ್ಟಿಕ್ ತವೆಯ ಆವಿ ನಿಮಿಷಗಳಲ್ಲೇ ಕೊಲ್ಲುತ್ತದೆ.

ಪ್ರಶ್ನೆ: ಮದುವೆಗೆ ನೆಂಟರು ಬರುವ ನಾಲ್ಕು ದಿನ ಪಂಜರಕ್ಕೆ ಹಗಲೂ ಬಟ್ಟೆ ಮುಚ್ಚಿಟ್ಟರೆ ಗಿಳಿ ಸುಮ್ಮನಿರುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಇರುತ್ತದೆ, ಹೆದರಿಕೊಂಡು. ಅದರ ಬದಲು ಪರಿಚಯವಿರುವ ಸ್ನೇಹಿತರ ಮನೆಯಲ್ಲಿ ಬಿಟ್ಟುಬನ್ನಿ. ಮನೆಯಲ್ಲೇ ಇಡುವುದಾದರೆ ನೆಂಟರ ಮಕ್ಕಳು ಪಂಜರದ ಬಾಗಿಲು ತೆಗೆಯದಂತೆ ಬೀಗ ಹಾಕಿ. ಸೀಲಿಂಗ್ ಫ್ಯಾನ್ ತಿರುಗುತ್ತಿರುವಾಗ ಹಾರಿ ಸತ್ತ ಗಿಳಿಗಳನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ನಮ್ಮ ಗಂಡು ಕಾಕಟೀಲ್ ದಿನವಿಡೀ ಶಿಳ್ಳೆ ಹಾಕುತ್ತಿತ್ತು. ನಾಲ್ಕು ದಿನಗಳಿಂದ ತಾನಾಗಿಯೇ ಶಾಂತವಾಗಿದೆ. ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂರುತ್ತದೆ. ಬೆಳೆಯುತ್ತಾ ಬುದ್ಧಿ ಬಂದಿರಬಹುದು ಎಂದು ಮನೆಯಲ್ಲಿ ಎಲ್ಲರಿಗೂ ಸಂತೋಷ. ಹೀಗೆಯೇ ಇರುವಂತೆ ಮಾಡಲು ಏನಾದರೂ ಉಪಾಯವಿದೆಯೇ?
– ಓದುಗರು, ಮಂಗಳೂರು

ಉತ್ತರ: ನಿಮ್ಮ ಪತ್ರ ಕಂಡ ದಿನವೇ ಫೋನ್ ಮಾಡಿ ತಿಳಿಸಿದ್ದನ್ನು ಇತರ ಓದುಗರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಇದು ಬುದ್ಧಿ ಬಂದ ಲಕ್ಷಣವಲ್ಲ, ಕಾಯಿಲೆಯ ಲಕ್ಷಣ. ಬೇಟೆಗೆ ಸಿಗುವ ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಸದ್ದು ಮಾಡುವ ಹಕ್ಕಿ ಇದ್ದಕ್ಕಿದ್ದಂತೆ ಮೌನವಾಗಿ, ಗರಿಗಳನ್ನು ಉಬ್ಬಿಸಿ, ಕೂರುವ ಕೋಲನ್ನು ಬಿಟ್ಟು ತಳಕ್ಕೆ ಇಳಿಯಿತೆಂದರೆ ಮುಚ್ಚಿಡುವ ಶಕ್ತಿಯೂ ಉಳಿದಿಲ್ಲ ಎಂದರ್ಥ. ಗರಿ ಉದುರಿಸುವ ಕಾಲದಲ್ಲಿಯೂ ಹಕ್ಕಿ ಒಂದಿಷ್ಟು ಮಂಕಾಗುವುದುಂಟು, ಆದರೆ ಆಗ ಕೋಲಿನ ಮೇಲೆಯೇ ಕೂರುತ್ತದೆ, ಮೇವನ್ನೂ ಬಿಡುವುದಿಲ್ಲ. ಇಂಥ ಹಕ್ಕಿಯನ್ನು ಗಾಳಿ ಬಡಿಯದ ಬೆಚ್ಚನೆಯ ಜಾಗದಲ್ಲಿಡಿ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ ಹಿಕ್ಕೆಯ ಬಣ್ಣ, ನೀರಿನಂಶ ಗಮನಿಸಿ, ಆ ಕಾಗದವನ್ನೇ ವೈದ್ಯರಿಗೆ ತೋರಿಸಿ. ಗಿಳಿಗಳಿಂದ ಮನುಷ್ಯರಿಗೆ ಹರಡಬಲ್ಲ ಸಿಟಕೋಸಿಸ್ ಎಂಬ ಜ್ವರವೂ ಇರುವುದರಿಂದ ಪಂಜರ ಶುಚಿ ಮಾಡುವವರು ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ, ಒಣಗಿದ ಹಿಕ್ಕೆಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಕ ಬರೆದಿಟ್ಟುಕೊಳ್ಳಿ. 90 ಗ್ರಾಮಿನ ಹಕ್ಕಿ 80ಕ್ಕೆ ಇಳಿದಿದ್ದರೆ ಅದು ಸಣ್ಣ ಇಳಿಕೆಯಲ್ಲ. ಹಕ್ಕಿಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಬಳಿಗೆ ನಾಳೆ ಅಲ್ಲ, ಇವತ್ತೇ ಒಯ್ಯಿರಿ.